ಟೋಲ್ ಮನ್ನಾ ಬಿಟ್ಟಿ ಭಾಗ್ಯವಲ್ಲವೇ?



ಹೆಂಗಸರ ಖಾತೆಗೆ ತಿಂಗಳಿಗಿಷ್ಟು ಹಣ ಹಾಕುವ ಮಹಾರಾಷ್ಟ್ರದ ‘ಲಾಡ್ಕಿ ಬಹೀಣ್’ ಯೋಜನೆಯ ಮಾತು ಬಂದಾಗಲೆಲ್ಲ ಟಿವಿ ಚರ್ಚೆಗೆ ಕೂರುವ ಅರ್ಥಶಾಸ್ತ್ರಜ್ಞರು ಬೊಕ್ಕಸ ಬರಿದಾಗುತ್ತದೆಂದು ಎಚ್ಚರಿಸುತ್ತಾರೆ. ಊರಿನಲ್ಲಿ, ಅಂದರೆ ಕರ್ನಾಟಕದಲ್ಲಿ, ಅಂಥದ್ದೇ ‘ಗೃಹಲಕ್ಷ್ಮಿ’ಯ ಬಗ್ಗೆಯೂ ಅದೇ ರಾಗ. ಮುಂಬಯಿಯ ನಮ್ಮ ಕನ್ನಡ ಸಂಘಗಳ ಸಭೆಗಳಲ್ಲೂ ‘ಬಿಟ್ಟಿ ಭಾಗ್ಯ’ ಎಂದು ನಗಾಡುವವರಿಗೆ ಬರವಿಲ್ಲ. ಅರ್ಥಶಾಸ್ತ್ರಜ್ಞರ ಆತಂಕ ಸುಳ್ಳೆನ್ನಲಾರೆ. 2024ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ ವರ್ಷಕ್ಕೆ 46,000 ಕೋಟಿ ರೂಪಾಯಿಯ ಲಾಡ್ಕಿ ಬಹೀಣ್ ಯೋಜನೆ ಸಾರಿ, ಮತ ಬಿದ್ದ ಮೇಲೆ ಫಲಾನುಭವಿಗಳನ್ನು ಜರಡಿ ಹಿಡಿದದ್ದು ಒಳ್ಳೆಯ ಆಡಳಿತವಲ್ಲ. ಆದರೆ ಈ ಲೆಕ್ಕ ತಪಾಸಣೆ ಬಡ ಹೆಂಗಸರ ಪಾಸ್‌ಬುಕ್ಕಿಗೇ ಏಕೆ ಮುಗಿಯುತ್ತದೆ ಎಂಬುದು ನನ್ನ ತಕರಾರು.

ಅದೇ ವರ್ಷ ಅಕ್ಟೋಬರ್ 14ರ ನಡುರಾತ್ರಿಯಿಂದ ಮುಂಬಯಿ ಪ್ರವೇಶಿಸುವಲ್ಲಿನ ದಹಿಸರ್, ಮುಲುಂಡ್, ಐರೋಲಿ, ವಾಶಿ ಟೋಲ್ ನಾಕಾಗಳಲ್ಲಿ ಕಾರುಗಳಿಗೆ ಟೋಲ್ ಮನ್ನಾ ಆಯಿತು. ಮರುದಿನವೇ ಚುನಾವಣಾ ದಿನಾಂಕ ಪ್ರಕಟವಾಯಿತು. ಟೋಲ್ 45 ರೂಪಾಯಿ ಇತ್ತು. ತಿಂಗಳಿಗೆ 26 ದಿನ, ಒಂದು ಬದಿಯ ಓಡಾಟಕ್ಕಷ್ಟೇ ಲೆಕ್ಕ ಹಾಕಿದರೂ 1,170 ರೂಪಾಯಿ ಉಳಿತಾಯ; ಲಾಡ್ಕಿ ಬಹೀಣ್ ಹಣ ತಿಂಗಳಿಗೆ 1,500. ಮನೆಯಲ್ಲಿ ಕಾರಿದ್ದರೆ ಆ 1,500 ಸಿಗುವುದಿಲ್ಲ. ಟೋಲ್ ಮನ್ನಾ ಮಾತ್ರ ಕಾರಿದ್ದವರಿಗೇ. ಅದಕ್ಕೆ ಆದಾಯ ಮಿತಿಯಿಲ್ಲ, ಇ-ಕೆವೈಸಿ ಇಲ್ಲ.

ಇನ್ನು ಕಾರಿಲ್ಲದವರ ಪಾಡು ನೋಡಿ. 2025ರ ಮೇ 9ರಿಂದ ಮುಂಬಯಿಯ ಸಾರ್ವಜನಿಕ ಸಾರಿಗೆಯಾದ ಬೆಸ್ಟ್ ಬಸ್ಸಿನ ಕನಿಷ್ಠ ದರ 5ರಿಂದ 10 ರೂಪಾಯಿಗೆ ಏರಿತು. ನಮ್ಮ ಕಟ್ಟಡದ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸು ಮಾಲ್ವಣಿಯಿಂದ ಬಸ್ಸಿನಲ್ಲೇ ಬರುತ್ತಾಳೆ, ಬಸ್ಸಿನಲ್ಲೇ ಹೋಗುತ್ತಾಳೆ. ಒಂದು ಬದಿಗೆ 5 ರೂಪಾಯಿ ಹೆಚ್ಚಳದಂತೆ, ಅವಳಿಗೆ ಸಿಗುವ ಲಾಡ್ಕಿ ಬಹೀಣ್ ಹಣದಲ್ಲಿ ತಿಂಗಳ 26 ದಿನಕ್ಕೆ 260 ರೂಪಾಯಿ ಬಸ್ಸಿಗೇ ವಾಪಸು. ಕಾರಿಗೆ ಮನ್ನಾ, ಬಸ್ಸಿಗೆ ದುಪ್ಪಟ್ಟು! ಇದು ಯಾವ ಆರ್ಥಿಕ ಶಿಸ್ತು?

2022ರಿಂದ ಮುಂಬಯಿಯಲ್ಲಿ 500 ಚದರ ಅಡಿಯೊಳಗಿನ ಮನೆಗಳಿಗೆ ಆಸ್ತಿ ತೆರಿಗೆಯೂ ಇಲ್ಲ. ಉಪನಗರದಲ್ಲಿ ಅಂಥ ಫ್ಲ್ಯಾಟಿನ ಬೆಲೆ ಈಗ ಕೋಟಿ ಮುಟ್ಟಿದೆ. ನಾನೂ ಅದರ ಫಲಾನುಭವಿ. ನನ್ನನ್ನು ಯಾರೂ ‘ಸೋಮಾರಿ’ ಎಂದು ಬೈದಿಲ್ಲ.

ಉಳ್ಳವರಿಗೂ ಹೀಗೆ ಬಿಟ್ಟಿ ಸಿಗುವುದು ಅರ್ಥಶಾಸ್ತ್ರಜ್ಞರಿಗೆ ತಿಳಿಯದ ವಿಚಾರವೇನಲ್ಲ. ಅರವಿಂದ ಸುಬ್ರಮಣಿಯನ್ ಕೇಂದ್ರ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದಾಗ 2016ರ ಆರ್ಥಿಕ ಸಮೀಕ್ಷೆಯಲ್ಲಿ ಉಳ್ಳವರಿಗೆ ಸಿಗುವ ಸವಲತ್ತುಗಳಿಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದರು. ಅಡುಗೆ ಅನಿಲ, ರೈಲು, ವಿದ್ಯುತ್, ಚಿನ್ನ, ವಿಮಾನ ಇಂಧನ, ಸಣ್ಣ ಉಳಿತಾಯ ಎಲ್ಲ ಸೇರಿ ಸುಮಾರು ಒಂದು ಲಕ್ಷ ಕೋಟಿ ರೂಪಾಯಿಯ ಅಂದಾಜು ಅದು. ಚರ್ಚೆಯ ಮೇಜಿಗೆ ಆ ಅಧ್ಯಾಯ ಬರುವುದೇ ಅಪರೂಪ.

ತೆರಿಗೆ ರಿಯಾಯಿತಿಗಳಿಂದ ಎಷ್ಟು ವರಮಾನ ಕೈತಪ್ಪಿತೆಂದು ಕೇಂದ್ರ ಬಜೆಟ್ ಪ್ರತಿವರ್ಷ ತಿಳಿಸುತ್ತದೆ. ರಾಜ್ಯವೂ ಮಹಾನಗರ ಪಾಲಿಕೆಯೂ ನಗದು ಯೋಜನೆ, ಟೋಲ್ ಮನ್ನಾ, ತೆರಿಗೆ ವಿನಾಯಿತಿ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಜನರ ಮುಂದಿಡಲಿ. ಯಾವುದಕ್ಕೆ ಕತ್ತರಿ ಹಾಕಬೇಕೆಂದು ತಜ್ಞರು ಆಮೇಲೆ ಹೇಳಲಿ. ನನ್ನ ಮನೆಯ ವಿನಾಯಿತಿಯಿಂದಲೇ ಶುರು ಮಾಡಿದರೂ ಅಡ್ಡಿಯಿಲ್ಲ.

— ಓರ್ವ ಓದುಗ, ಮಲಾಡ್ ಪಶ್ಚಿಮ, ಮುಂಬಯಿ