ಬೊಲೊನ್ಯಾದಲ್ಲಿ ಬಾಡಿಗೆ ಕೋಣೆ

ಹೊರದೇಶಕ್ಕೆ ಓದಲು ಹೋದವರಿಗೆ ಮೊದಲ ತಿಂಗಳು ಪಾಠ ತಲೆಗೆ ಹತ್ತುವುದಿಲ್ಲ. ಇಟಲಿಯ ಬೊಲೊನ್ಯಾದಲ್ಲಿ ಇಳಿದವರು ಎಂಟು ಕೆಲಸದ ದಿನಗಳೊಳಗೆ ಅಂಚೆ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಬಾಡಿಗೆ ಕರಾರಾಗಬೇಕಾದರೆ ತೆರಿಗೆ ಸಂಖ್ಯೆ ಬೇಕು. ಇಷ್ಟಾದರೂ ಕೋಣೆ ಸಿಕ್ಕಿರುವುದಿಲ್ಲ. ಊರಿನಿಂದ ಅಮ್ಮ ಫೋನ್ ಮಾಡಿ "ಊಟ ಆಯ್ತಾ?" ಎನ್ನುತ್ತಾಳೆ, ಅಪ್ಪ "ರೂಮು ಆಯ್ತಾ?" ಎನ್ನುತ್ತಾನೆ. ಕ್ಲಾಸಿನ ಸುದ್ದಿ ಯಾರೂ ಎತ್ತುವುದಿಲ್ಲ. ಅವರು ಕೇಳುವುದೇ ಸರಿ ಎಂದು ನನ್ನ ಎಣಿಕೆ.

ಏಕೆಂದರೆ ವಿಶ್ವವಿದ್ಯಾಲಯವೆಂಬ ವ್ಯವಸ್ಥೆ ಬೆಳೆದದ್ದರಲ್ಲಿ ಈ ಪರದಾಟದ ಪಾಲು ದೊಡ್ಡದು. ಬೊಲೊನ್ಯಾ ವಿಶ್ವವಿದ್ಯಾಲಯ 1088ರಲ್ಲಿ ಹುಟ್ಟಿತೆಂದು ವಾಡಿಕೆ. ರೋಮನ್ ಕಾನೂನು ಕಲಿಯಲು ಆಲ್ಪ್ಸ್ ದಾಟಿ ಬಂದವರಿಗೆ ಆ ಊರಿನಲ್ಲಿ ಪೌರರ ಹಕ್ಕಿರಲಿಲ್ಲ. ಯಾವನೋ ಸಾಲ ತೀರಿಸದೆ ಹೋದರೆ ಅವನ ನಾಡಿನ ವಿದ್ಯಾರ್ಥಿಯನ್ನು ಹಿಡಿದು ವಸೂಲಿ ಮಾಡುತ್ತಿದ್ದರು. 12ನೇ ಶತಮಾನದ ನಡುಭಾಗದಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೊಸ್ಸಾ ಇದನ್ನು ನಿಷೇಧಿಸಿದ. ಮಿಕ್ಕಿದ್ದನ್ನು ಹುಡುಗರೇ ನೋಡಿಕೊಂಡರು. ನಾಡುವಾರು ಸಂಘ ಕಟ್ಟಿಕೊಂಡು ಅದನ್ನು 'ನೇಷನ್' ಎಂದರು. ಊರವರೂ ವಿದ್ಯಾರ್ಥಿಗಳೂ ಕೂಡಿ ಕೂತು ಕೋಣೆಗಳ ಬಾಡಿಗೆ ನಿಗದಿ ಮಾಡುವ ಪದ್ಧತಿ ಬಂತು. ತಡವಾಗಿ ಪಾಠ ಶುರುಮಾಡಿದ ಮೇಷ್ಟ್ರಿಗೆ ದಂಡ ಹಾಕುತ್ತಿದ್ದವರೂ ವಿದ್ಯಾರ್ಥಿಗಳೇ (ಈ ಭಾಗ ನಮ್ಮ ಕಾಲೇಜುಗಳಿಗೆ ತಲುಪದಿರಲಿ). ಒಪ್ಪದಿದ್ದರೆ ಗಂಟುಮೂಟೆ ಕಟ್ಟುವುದು. 1222ರಲ್ಲಿ ಹಾಗೆ ಹೊರಟವರಿಂದಲೇ ಪಾದುವಾ ವಿಶ್ವವಿದ್ಯಾಲಯ ಹುಟ್ಟಿತು.

ಊರಿನ ಆಕಾರವೂ ಬದಲಾಯಿತು. ಬಂದವರಿಗೆ ಜಾಗ ಸಾಲದೆ ಮನೆಯವರು ಮೇಲಂತಸ್ತನ್ನು ಬೀದಿಯ ಮೇಲಕ್ಕೆ ಚಾಚಿ ಕಟ್ಟಿದರು, ಕೆಳಗೆ ಕಂಬ ಕೊಟ್ಟರು. 1288ರಲ್ಲಿ ಹೊಸ ಮನೆಗಳಿಗೆ ಕಂಬಸಾಲಿನ ಜಗಲಿ ಕಡ್ಡಾಯವೇ ಆಯಿತು. ಇಂದು ಪ್ರವಾಸಿಗರು ಫೋಟೋ ತೆಗೆಯುವ, 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆ ಕಮಾನುಗಳ ಹಿಂದೆ ಬಾಡಿಗೆಯ ಆಸೆಯೂ ಇದೆ.

ನಮ್ಮಲ್ಲಿ ಪರಸ್ಥಳದಲ್ಲಿ ಓದುವ ಹುಡುಗನಿಗೆ ವಾರಾನ್ನವಿತ್ತು, ದಿನಕ್ಕೊಂದು ಮನೆಯ ಊಟ. ಅದು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರ ಪಾಲಿನದು. ಉಳಿದವರಿಗೆ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಬಾಗಿಲು ತೆರೆದದ್ದು ಮಠದ ಪ್ರಸಾದನಿಲಯ, ಜಾತಿ ಸಂಘದ ಹಾಸ್ಟೆಲ್ಲು. ಅವಿಲ್ಲದಿದ್ದರೆ ಹಳ್ಳಿಯ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹುಟ್ಟುತ್ತಲೇ ಇರಲಿಲ್ಲ. ಜಾತಿ ಹಾಸ್ಟೆಲ್ಲೆಂದರೆ ಮೂಗು ಮುರಿಯುವವರು ಇದನ್ನು ಮರೆಯುತ್ತಾರೆ. ಆದರೆ ಅಲ್ಲಿ ನಾಲ್ಕು ವರ್ಷ ಇದ್ದೂ ಪಕ್ಕದ ಬೀದಿಯ ಹುಡುಗನ ಹೆಸರು ತಿಳಿಯದೆ ಹೊರಬಿದ್ದವರುಂಟು. ಇಂದು ವಿಮಾನ ನಿಲ್ದಾಣಕ್ಕೆ ಬಂದು ಕರೆದೊಯ್ಯುವ ಸೀನಿಯರುಗಳ ವಾಟ್ಸಾಪ್ ಗುಂಪಿಗೂ ಈ ಎರಡು ಮುಖಗಳಿವೆ. ಮೊದಲ ವಾರ ಅವರು ಬಡಿಸಿದ ಅನ್ನ ಸಾರು ಅಮೃತ. ಎರಡನೇ ವರ್ಷವೂ ಅದೇ ನಾಲ್ವರ ಜೊತೆ ಅದೇ ಅಡುಗೆಮನೆಯಾದರೆ, ಅಷ್ಟು ಸಾಲ ಮಾಡಿ ದೇಶ ದಾಟಿದ್ದೇಕೆ?

ಕೋಪರ್ನಿಕಸ್‌ನನ್ನು ನೋಡಿ. ಚರ್ಚಿನ ಕಾನೂನು ಓದಲೆಂದು ಬಿಷಪ್ ಸೋದರಮಾವ ಅವನನ್ನು ಬೊಲೊನ್ಯಾಕ್ಕೆ ಕಳಿಸಿದ್ದ. ಹುಡುಗ ಜರ್ಮನ್ ನೇಷನ್ನಿನಲ್ಲಿ ಹೆಸರು ಬರೆಸಿದ. ವಾಸಕ್ಕೆ ಮಾತ್ರ ಖಗೋಳದ ಮೇಷ್ಟ್ರು ದೊಮೆನಿಕೊ ನೊವಾರಾ ಅವರ ಜೊತೆಗಿದ್ದನೆಂದು ಕೋಪರ್ನಿಕಸ್‌ನ ಶಿಷ್ಯ ರೆಟಿಕಸ್ ಹೇಳುತ್ತಾನೆ. 1497ರ ಮಾರ್ಚ್ 9ರ ರಾತ್ರಿ ಚಂದ್ರ ರೋಹಿಣಿ ನಕ್ಷತ್ರವನ್ನು ಮರೆಮಾಡಿದ್ದನ್ನು ಕೋಪರ್ನಿಕಸ್ ಆ ಊರಿನಿಂದ ಗಮನಿಸಿದ. 1543ರ ತನ್ನ ಮಹಾಗ್ರಂಥದಲ್ಲಿ ಅದನ್ನು ಬಳಸಿಕೊಂಡ. ಇತ್ತ ಕೈಯ ಕಾಸು ಮುಗಿದು 1499ರಲ್ಲಿ ಅವನೂ ಅವನ ಸೋದರನೂ ಸಾಲ ಎತ್ತಿದರು. ಕಾನೂನಿನ ಪದವಿಯೂ ಬೊಲೊನ್ಯಾದಲ್ಲಿ ಆಗಲಿಲ್ಲ. 1503ರಲ್ಲಿ ಫೆರಾರಾದಲ್ಲಿ ಪಡೆದ. ಆ ಸೋದರಮಾವ ಬೊಲೊನ್ಯಾದಲ್ಲೇ ಅಚ್ಚುಕಟ್ಟಾಗಿ ಓದಿ ಡಾಕ್ಟರೇಟ್ ಪಡೆದವನು. ಅಳಿಯನ ಲೆಕ್ಕಪತ್ರ ನೋಡಿ ಅವನು ಗೊಣಗಿರಲೇಬೇಕು.