ಟ್ಯೂಬಾ ವಾದ್ಯವೂ ಉಸಿರಿನ ಅಳತೆಯೂ

ಪಾಶ್ಚಾತ್ಯ ವಾದ್ಯಮೇಳದ ಹಿಂದಿನ ಸಾಲಿನಲ್ಲಿ ಟ್ಯೂಬಾ ಎಂಬ ಭಾರಿಯಾದ ಹಿತ್ತಾಳೆಯ ಊದುವಾದ್ಯವೊಂದುಂಟು. 1835ರಲ್ಲಿ ಬರ್ಲಿನ್ ನಗರದಲ್ಲಿ ಹುಟ್ಟಿದ ಇದು ಇತರರ ಗಾನಕ್ಕೆ ಮಂದ್ರದ ಆಧಾರವನ್ನು ಕೊಡುತ್ತ ಬಹುಕಾಲ ಹಿಂದೆಯೇ ಉಳಿದಿತ್ತು. ಆಂಗ್ಲ ಸಂಗೀತಕಾರರಾದ ವಾನ್ ವಿಲಿಯಮ್ಸ್‌ರವರು ತಮ್ಮ 81ನೆಯ ವಯಸ್ಸಿನಲ್ಲಿ ಇದನ್ನು ಮುಂದಕ್ಕೆ ಕರೆದರು. ಒಬ್ಬ ವಾದಕನು ಇಡೀ ಮೇಳದೊಡನೆ ಸಂವಾದಿಸುವ ಕೃತಿಗೆ ಕಂಚೆರ್ಟೋ ಎಂದು ಹೆಸರು. ಅವರು ಟ್ಯೂಬಾಕ್ಕಾಗಿ ರಚಿಸಿದ ಕಂಚೆರ್ಟೋವನ್ನು 1954ನೆಯ ಜೂನ್ 13ರಂದು ಲಂಡನ್ನಿನಲ್ಲಿ ಫಿಲಿಪ್ ಕ್ಯಾಟಲಿನೆಟ್‌ರವರು ಮೊದಲು ನುಡಿಸಿದರು.

ಇಂತಹ ಕೃತಿಗೆ ಯಾವ ವಾದ್ಯವು ಯೋಗ್ಯ, ಯಾವ ವಾದಕರು ಶ್ರೇಷ್ಠರು? ದೊಡ್ಡ ವಾದ್ಯ, ವಿಶಾಲವಾದ ಎದೆ ಎಂಬುದು ಜನಸಾಮಾನ್ಯರ ಉತ್ತರ. ನಾನಿದನ್ನು ಒಪ್ಪಲಾರೆನು. ಕ್ಯಾಟಲಿನೆಟ್‌ರವರು ಹಿಡಿದದ್ದು ಎಫ್ ಶ್ರುತಿಯ ಚಿಕ್ಕ ಟ್ಯೂಬಾ. ಇದರ ಕೊಳವೆಯ ಉದ್ದವು ಸುಮಾರು 12 ಅಡಿ. ಅತಿ ದೊಡ್ಡದಾದ ಬಿ-ಫ್ಲ್ಯಾಟ್ ಟ್ಯೂಬಾದ ಕೊಳವೆಯು ಸುಮಾರು 18 ಅಡಿ. ಉದ್ದವಾದ ಕೊಳವೆಯಲ್ಲಿ ಮೇಲಿನ ಸ್ವರಗಳು ಒಂದಕ್ಕೊಂದು ಒತ್ತಾಗಿರುವುದರಿಂದ ತುಟಿಯು ತಪ್ಪಿ ಪಕ್ಕದ ಸ್ವರಕ್ಕೆ ಜಾರುವುದುಂಟು. ಗಿಡ್ಡ ಕೊಳವೆಯಲ್ಲಿ ಆ ಭಯವು ಕಡಿಮೆ. ಕೆಳಗಿನ ಗಂಭೀರ ನಾದಕ್ಕೆ ಮಾತ್ರ ದೊಡ್ಡದೇ ಲೇಸು. ಆದುದರಿಂದ ಗಾತ್ರವು ಕಾರ್ಯಕ್ಕೆ ತಕ್ಕಂತಿರಬೇಕು, ಅದೇ ಹಿರಿಮೆಯಲ್ಲ.

ವಾದಕರ ವಿಷಯವೂ ಹಾಗೆಯೇ. 1944ರಿಂದ 1988ರವರೆಗೆ ಷಿಕಾಗೋ ಮೇಳದಲ್ಲಿ ನುಡಿಸಿದ ಆರ್ನಲ್ಡ್ ಜೇಕಬ್ಸ್‌ರವರು ಉಬ್ಬಸದಿಂದ ಶ್ವಾಸಬಲವು ಕುಗ್ಗಿದರೂ ಆ ವಾದ್ಯದ ಗುರುಗಳಾಗಿಯೇ ಉಳಿದರು. ಮೊದಲು ಹಾಡು ಮನಸ್ಸಿನಲ್ಲಿ ಮೂಡಲಿ, ಉಸಿರು ಅದನ್ನು ಹಿಂಬಾಲಿಸಲಿ ಎಂಬುದೇ ಅವರ ಬೋಧನೆಯ ಸಾರ. 2006ರಲ್ಲಿ ಫಿಲಡೆಲ್ಫಿಯಾ ಮೇಳದ ಟ್ಯೂಬಾ ಸ್ಥಾನವನ್ನು ಸ್ಪರ್ಧೆಯಲ್ಲಿ ಗೆದ್ದವಳು ಕ್ಯಾರೊಲ್ ಜ್ಯಾಂಚ್. ಆಗ ಆಕೆಯು ಇನ್ನೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ!

ಈ ಕಂಚೆರ್ಟೋವಿನ ನಡುವಣ ಭಾಗವು ನಿಧಾನವಾದ ಮಧುರಗಾನ. ವೇಗದ ಭಾಗಗಳಲ್ಲಿ ಬೆರಳಿನ ಚಾತುರ್ಯವು ಕೊರತೆಯನ್ನು ಮರೆಮಾಚಬಹುದು. ಇಲ್ಲಿ ಅದು ಸಾಧ್ಯವಿಲ್ಲ. ವಾದಕರನ್ನು ತೂಗುವವರು ಇದನ್ನೇ ಕೇಳಿ ತೂಗತಕ್ಕದ್ದು.

ಮಾನ್ಯ ಪೋಷಕರೇ, ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ನಮ್ಮ ಬಾಲಿಕೆಯೊಬ್ಬಳು ಭಾರವಾದ ವಾದ್ಯವನ್ನೋ ಕಠಿಣವಾದ ವಿದ್ಯೆಯನ್ನೋ ಬಯಸಿದಾಗ, "ಇದು ನಿನ್ನ ಕೈಯಲ್ಲಾಗದು" ಎಂದು ಆಕೆಯ ಮೈಕಟ್ಟನ್ನು ನೋಡಿ ನುಡಿಯುವುದು ನಮಗೆ ಸುಲಭ. ಹಾಗೆ ನುಡಿಯುವ ಮುನ್ನ ಆಕೆಯು ಒಮ್ಮೆ ನುಡಿಸುವುದನ್ನು ಕೇಳೋಣ.