ಇದು ಮುಚ್ಚಿಡುವ ಗುಟ್ಟಲ್ಲ

ಮಗು ಹುಟ್ಟಿದ ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಹುಟ್ಟಿದ ಮಗುವಿನ ಮೂತ್ರಕೋಶ ಕಿಬ್ಬೊಟ್ಟೆಯ ಹೊರಗೆ ತೆರೆದುಕೊಂಡಿದ್ದರೆ? ಆ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊನೆಗೆ ತಪ್ಪೆಲ್ಲವನ್ನೂ ತಾಯಿಯ ತಲೆಗೆ ಕಟ್ಟಲಾಗುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದಂತಹ ಪಟ್ಟಣಗಳ ನಿವಾಸಿಗಳಾದ ನಾವು ಈ ಮೌನವನ್ನು ಮುರಿಯಬೇಕಾಗಿದೆ.

ವೈದ್ಯರು ಬ್ಲ್ಯಾಡರ್ ಎಕ್ಸ್‌ಟ್ರೋಫಿ ಎನ್ನುವ ಈ ದೋಷ ಸುಮಾರು 30ರಿಂದ 50 ಸಾವಿರ ಜನನಗಳಲ್ಲಿ ಒಂದು ಮಗುವಿಗೆ ಬರುತ್ತದೆ. ಗರ್ಭದ ಆರಂಭದ ವಾರಗಳಲ್ಲಿ ಹೊಟ್ಟೆಯ ಕೆಳಗೋಡೆ ಸರಿಯಾಗಿ ರೂಪುಗೊಳ್ಳದಿರುವುದೇ ಇದಕ್ಕೆ ಮೂಲ. ಗ್ರಹಣವಾಗಲಿ ದೃಷ್ಟಿಯಾಗಲಿ ಕಾರಣವಲ್ಲ.

ಚಿಕಿತ್ಸೆ ಒಂದೇ ಶಸ್ತ್ರಕ್ರಿಯೆಗೆ ಮುಗಿಯುವುದಿಲ್ಲ. ಮೊದಲು ಮೂತ್ರಕೋಶವನ್ನು ಒಳಸೇರಿಸಿ ಮುಚ್ಚುತ್ತಾರೆ. ಬಳಿಕ ಜನನಾಂಗವನ್ನು ಸರಿಪಡಿಸುತ್ತಾರೆ. ಶಾಲೆಯ ವಯಸ್ಸಿನ ಹೊತ್ತಿಗೆ ಮೂತ್ರ ಹಿಡಿದಿಡುವ ಶಕ್ತಿಗಾಗಿ ಮತ್ತೊಂದು ಶಸ್ತ್ರಕ್ರಿಯೆ ಬೇಕಾಗಬಹುದು. ಕೆಲವರು ದಿನಕ್ಕೆ ಹಲವು ಬಾರಿ ನಳಿಕೆಯಿಂದ ಮೂತ್ರ ತೆಗೆಯಬೇಕಾಗುತ್ತದೆ. ಅಪೆಂಡಿಕ್ಸನ್ನೇ ಬಳಸಿ ಹೊಟ್ಟೆಯ ಮೇಲೆ ಅದಕ್ಕೊಂದು ದಾರಿ ಮಾಡುವ ವಿಧಾನವನ್ನು ಫ್ರಾನ್ಸಿನ ವೈದ್ಯ ಮಿತ್ರೊಫನೊಫ್ 1980ರಲ್ಲಿ ಪ್ರಕಟಿಸಿದರು. ಮೂತ್ರಪಿಂಡಗಳ ತಪಾಸಣೆಯಂತೂ ಜೀವನಪರ್ಯಂತ ನಡೆಯಬೇಕು. ನಡುವೆ ಕೈಬಿಟ್ಟರೆ ಹಿಂದಿನ ಶ್ರಮವೆಲ್ಲ ವ್ಯರ್ಥವಾದೀತು.

ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಮಾತಿದೆ. ಗಂಡುಮಗುವಿನ ಮೂತ್ರದ್ವಾರ ತುದಿಯಲ್ಲಿರದೆ ಕೆಳಭಾಗದಲ್ಲಿರುವ ದೋಷಕ್ಕೆ ಹೈಪೊಸ್ಪೇಡಿಯಾಸ್ ಎನ್ನುತ್ತಾರೆ. ಇದು ಅಷ್ಟೇನೂ ಅಪರೂಪವಲ್ಲ. ಮುಂದೊಗಲು ಅರ್ಧವಷ್ಟೇ ಇರುವುದರಿಂದ ‘ಹುಟ್ಟುವಾಗಲೇ ಸುನ್ನತ್ ಆಗಿದೆ’ ಎಂದು ಹಿರಿಯರು ಸಂತೋಷಪಡುವುದುಂಟು. ಇನ್ನು ಕೆಲವರು ಉಳಿದ ಚರ್ಮವನ್ನೂ ತೆಗೆಸಿಬಿಡುತ್ತಾರೆ. ಆದರೆ ದೋಷ ಸರಿಪಡಿಸಲು ಶಸ್ತ್ರವೈದ್ಯರಿಗೆ ಬೇಕಾಗುವುದು ಅದೇ ಚರ್ಮ! ಆದ್ದರಿಂದ ಸಂಶಯವಿದ್ದರೆ ಮಕ್ಕಳ ಶಸ್ತ್ರವೈದ್ಯರು ನೋಡುವವರೆಗೆ ಸುನ್ನತ್ ಮುಂದೂಡುವುದೇ ವಿವೇಕ. ಮಗುವಿನ ಹಿತಕ್ಕಾಗಿ ತಡಮಾಡಿದರೆ ಧರ್ಮಕ್ಕೆ ಚ್ಯುತಿಯೇನೂ ಬಾರದು.

ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂತಹ ಸರ್ಕಾರಿ ನೆರವಿನ ಆಸ್ಪತ್ರೆಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೂ ಶಾಲೆಗೂ ಬರುತ್ತಾರೆ. ಅವರೆದುರು ನಾಚಿಕೆಯಿಂದ ಮಗುವನ್ನು ಮರೆಮಾಡಬಾರದು. ಚಿಕಿತ್ಸೆಗೆ ಸರ್ಕಾರದ ಯೋಜನೆ ನೆರವಾದರೂ ವರ್ಷಗಟ್ಟಲೆ ರೈಲು ಹತ್ತಿಳಿಯುವ ಖರ್ಚು, ನಷ್ಟವಾಗುವ ದಿನಗೂಲಿ ಬಡ ತಂದೆಯ ಮೇಲೆಯೇ ಬೀಳುತ್ತದೆ. ನಮ್ಮ ಜಮಾಅತ್‌ಗಳು ಹೆಗಲು ಕೊಡಬೇಕಾದದ್ದು ಇಲ್ಲಿ. ಮದುವೆ ಮಂಟಪಗಳ ವಿದ್ಯುದ್ದೀಪಕ್ಕೆ ಹಣ ಹುಟ್ಟುವ ಸಮುದಾಯದಲ್ಲಿ ಒಂದು ಮಗುವಿನ ಪ್ರಯಾಣಕ್ಕೆ ಹಣ ಹುಟ್ಟದೇ?

ಆ ಮಗು ಶಾಲೆಗೆ ಹೋಗಬೇಕು. ಅಲ್ಲಿ ಅದಕ್ಕೊಂದು ಶುಚಿಯಾದ ಶೌಚಾಲಯ ಸಿಗಬೇಕು. ಅದರ ತಾಯಿ ತಲೆಯೆತ್ತಿ ನಡೆಯಬೇಕು. ಅಷ್ಟನ್ನು ಮಾಡಿಕೊಡುವುದು ನಮ್ಮೆಲ್ಲರ ಹೊಣೆ.